ಫೋಟೊ ನೋಡಿ ‘ಹೊಸ ಜಾತಿಯ ಇರುವೆ ಪತ್ತೆ’ ಎನ್ನಬಹುದೇ?

‘ನಮ್ಮ ತೋಟದಲ್ಲಿ ಹೊಸ ಜಾತಿಯ ಇರುವೆ ಪತ್ತೆ, ಭಾರೀ ವಿಷ, ಎಲ್ಲರಿಗೂ ಶೇರ್ ಮಾಡಿ’ ಅಂತ ಫೋಟೊ ಬಂತೇ? ರಾಮನಗರ, ಮಾಗಡಿ ಕಡೆಯ ಮಾವಿನ ತೋಟದವರು ಗೂಡಿಗೆ ಔಷಧಿ ಹೊಡೆಯುವ ಮೊದಲು ಅದರ ಕಾಲು ಎಣಿಸಿ. ಎಂಟಿದ್ದರೆ ಅದು ಇರುವೆಯೇ ಅಲ್ಲ, ಜೇಡ! ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಯಂತೆಯೇ ಕಾಣುವ ಜೇಡ ನಮ್ಮಲ್ಲಿದೆ. ಮುಂದಿನ ಎರಡು ಕಾಲನ್ನು ಮೀಸೆಯಂತೆ ಎತ್ತಿ ಆಡಿಸುತ್ತದೆ, ಹಾಗಾಗಿ ಎಣಿಸುವಾಗ ಹುಷಾರು.

ಕಾಲು ಆರೇ ಇದ್ದರೂ ಫೋಟೊ ಒಂದೇ ಸಾಲದು. ಕೆಲವು ಜಾತಿಗಳಲ್ಲಿ ಒಂದೇ ಗೂಡಿನ ಇರುವೆಗಳಲ್ಲೇ ಚಿಕ್ಕ ತಲೆಯವು, ದಪ್ಪ ತಲೆಯವು ಇರುತ್ತವೆ. ರೆಕ್ಕೆ ಬಂದ ರಾಣಿಯಂತೂ ಬೇರೆಯೇ ಹುಳುವಿನಂತೆ ಕಾಣುತ್ತದೆ. ಅದಕ್ಕೇ ವಿಜ್ಞಾನಿಗಳು ಇರುವೆಯನ್ನೇ ಸಂಗ್ರಹಿಸಿ, ಸೂಕ್ಷ್ಮದರ್ಶಕದಲ್ಲಿ ಮೀಸೆಯ ಗಿಣ್ಣು, ದವಡೆಯ ಹಲ್ಲು, ಸೊಂಟದ ಗಂಟು ಎಣಿಸುತ್ತಾರೆ. ಆಮೇಲೆ ಹಳೆಯ ವಿವರಣೆಗಳ ಜೊತೆ ಹೋಲಿಸುತ್ತಾರೆ. ದಕ್ಷಿಣ ಭಾರತದ ಇರುವೆಗಳ ಪಟ್ಟಿಯನ್ನು ಜೆರ್ಡನ್ 1851ರಲ್ಲೇ ಪ್ರಕಟಿಸಿದ್ದರು. ನೆಗೆಯುವ ಇರುವೆಯನ್ನು ಮೊದಲು ವಿವರಿಸಿದ್ದೂ ಅವರೇ. ಯಾವುದಕ್ಕೂ ಹೊಂದದಿದ್ದರೆ ಮಾತ್ರ ಹೊಸ ಹೆಸರು.

ಹಾಗಂತ ನಮ್ಮ ಸುತ್ತ ಹೊಸದು ಸಿಗುವುದೇ ಇಲ್ಲ ಎಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಸಿಕ್ಕ ಇರುವೆಯೊಂದನ್ನು 2006ರಲ್ಲಿ ತ್ರೇಸಿಯಮ್ಮ ವರ್ಗೀಸ್ ಹೊಸ ಜಾತಿ ಎಂದು ವಿವರಿಸಿದರು. ಹೆಸರು ಡೈಲೊಬೊಕಾಂಡೈಲ ಬ್ಯಾಂಗಲೋರಿಕ. ಕಬ್ಬನ್ ಪಾರ್ಕಿಗೆ ಹೋದಷ್ಟೇ ಸುಲಭದ ಜಾಗ!

ಇನ್ನು ‘ಭಾರೀ ವಿಷ’ದ ಮಾತು. ತೋಟದ ಕೆಂಪಿರುವೆ ಕಚ್ಚಿದರೆ ಫಾರ್ಮಿಕ್ ಆಮ್ಲದಿಂದ ಉರಿಯುತ್ತದೆ, ನಿಜ. ಆದರೆ ಮರದ ಮೇಲಿನ ಎಷ್ಟೋ ಕೀಟಗಳನ್ನು ಹಿಡಿದು ತಿನ್ನುವುದೂ ಅದೇ. ಅನುಮಾನವಿದ್ದರೆ ಊರು, ದಿನಾಂಕ, ಮರದ ಹೆಸರು ಬರೆದು, ನಾಲ್ಕು ಇರುವೆಯನ್ನು ಸ್ಪಿರಿಟ್ ಬಾಟಲಿಯಲ್ಲಿ ಹಾಕಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದಲ್ಲಿ ಕೇಳಿ.