ನಾಲ್ಕು ಫೋಟೊ, ಒಂದೇ ಚೌಕಟ್ಟು

ಹೊಳವನಹಳ್ಳಿ ಗೆಳೆಯರೇ, ಫೋನ್ ತುಂಬ ಫೋಟೊ ಇವೆಯಲ್ಲ? ಬನ್ನಿ, ನಮ್ಮ ನಾಲ್ಕು ತಾಲ್ಲೂಕನ್ನ ಒಂದೇ ಚೌಕಟ್ಟಿಗೆ ತರೋಣ.

ಕೊರಟಗೆರೆಯ ಸಿದ್ಧರಬೆಟ್ಟ. ಮಧುಗಿರಿಯ ಏಕಶಿಲಾ ಬೆಟ್ಟ. ಶಿರಾ ತಾಲ್ಲೂಕು ಕಗ್ಗಲಡುವಿನ ಹುಣಸೆಮರದ ಮೇಲಿನ ಬಣ್ಣದ ಕೊಕ್ಕರೆ. ಪಾವಗಡ ತಿರುಮಣಿಯ ಸೋಲಾರ್ ಪ್ಯಾನೆಲ್ ಸಾಲು.

ಈ ನಾಲ್ಕು ಫೋಟೊನ ಕಂಪ್ಯೂಟರ್‌ಗೆ ಹಾಕಿಕೊಂಡು, ಜಿಂಪ್ ಅನ್ನೋ ಫೋಟೊ ತಿದ್ದುವ ಸಾಫ್ಟ್‌ವೇರ್ ತೆರೆಯಿರಿ. ಇದು ಪೂರ್ತಿ ಉಚಿತ. ಹೊಸ ಚಿತ್ರಕ್ಕೆ ಅಗಲ 1080 ಪಿಕ್ಸೆಲ್, ಎತ್ತರ 1080, ಹಿನ್ನೆಲೆ ಬಿಳಿ.

ಈಗ ಸಣ್ಣ ಲೆಕ್ಕ. ಎರಡು ಅಂಚು, ನಡುವೆ ಒಂದು ಸಂದಿ. ತಲಾ 20ರಂತೆ 60 ಹೋಯ್ತು. ಉಳಿದ 1020ರಲ್ಲಿ ಅರ್ಧ, 510. ಒಂದೊಂದು ಫೋಟೊದ ಅಳತೆ ಅಷ್ಟೇ.

ಮೊದಲು ಫೋಟೊನ ಚೌಕಾಕಾರಕ್ಕೆ ಕ್ರಾಪ್ ಮಾಡಿ, ಆಮೇಲೆ 510ಕ್ಕೆ ಇಳಿಸಿ. ಬರೀ ಅಗಲ ಕುಗ್ಗಿಸಿದ್ರೆ ಬೆಟ್ಟದ ಆಕಾರವೇ ಕೆಡುತ್ತೆ. ಕ್ರಾಪ್ ಮಾಡುವಾಗ ಕೊಕ್ಕರೆಯ ಉದ್ದನೆ ಹಳದಿ ಕೊಕ್ಕು ತುಂಡಾಗದ ಹಾಗೆ ನೋಡ್ಕೊಳ್ಳಿ.

ನಾಲ್ಕನ್ನೂ ಲೇಯರ್‌ಗಳಾಗಿ ತಂದು ಜಾಗಕ್ಕೆ ಸರಿಸಿ. ಎಡಗಡೆಯವು 20ರಿಂದ ಶುರು, ಬಲಗಡೆಯವು 550ರಿಂದ. ಎರಡು ಬೆಟ್ಟಗಳನ್ನ ಓರೆಯಾಗಿ ಎದುರುಬದುರು ಇಡಿ, ಬಂಡೆಯ ಬೂದು ಬಣ್ಣ ಸಮತೂಕಕ್ಕೆ ಬರುತ್ತೆ.

ಮುಂದೆ ತಿದ್ದೋಕೆ ಎಕ್ಸ್‌ಸಿಎಫ್ ಆಗಿ ಸೇವ್ ಮಾಡಿ. ಕಳಿಸೋಕೆ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿ.

ಊರು ಬಿಟ್ಟು ದೂರ ಇರೋ ನಮ್ಮವರಿಗೆ ಇವತ್ತೇ ಒಂದು ಕಳಿಸಿ. ಅವರ ಕಣ್ಣಿಗೆ ಊರು ಬರಲಿ.