ಹೆನ್ರಿಯ ನಿಯಮ ಮತ್ತು ನನ್ನ ಎಡಗಾಲು

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ 'ದ್ರಾವಣಗಳು' ಅಧ್ಯಾಯದಲ್ಲಿ ಹೆನ್ರಿಯ ನಿಯಮಕ್ಕೆ ಮೂರು ಉದಾಹರಣೆಗಳಿವೆ. ಒಂದು, ಸೋಡಾ ಬಾಟಲಿ. ಎರಡು, ಸಮುದ್ರದಲ್ಲಿ ಮುಳುಗುವವರಿಗೆ ಬರುವ 'ಬೆಂಡ್ಸ್' ಎಂಬ ಕಾಯಿಲೆ. ಮೂರು, ಎತ್ತರದ ಜಾಗಗಳಲ್ಲಿ ಆಗುವ ಆಮ್ಲಜನಕದ ಕೊರತೆ. ಇದೇ ಕಾಲೇಜಿನ ಬೆಂಚಿನ ಮೇಲೆ ಕೂತು ನಾನೂ ಅದನ್ನು ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಮುಂದೆ ಮುರುಡೇಶ್ವರದಲ್ಲಿ ಸ್ಕೂಬಾ ಡೈವಿಂಗ್ ಕೆಲಸಕ್ಕೆ ಸೇರಿದ ಮೇಲೆ ಎರಡನೆಯ ಉದಾಹರಣೆ ನಾನೇ ಆದೆ. ಅದನ್ನು ಮಕ್ಕಳಿಗೆ ಅರ್ಥವಾಗುವಂತೆ ಬರೆದುಕೊಡು ಎಂದು ನನ್ನ ಉಪನ್ಯಾಸಕರು ಕೇಳಿದ್ದರಿಂದ ಈ ಲೇಖನ.

ಆ ದಿನ ನಡೆದದ್ದು

ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ ನೇತ್ರಾಣಿ ದ್ವೀಪವಿದೆ. ಮಳೆಗಾಲ ಮುಗಿದ ಮೇಲೆ ನೀರು ತಿಳಿಯಾಗುತ್ತದೆ. ಆಗ ಪ್ರವಾಸಿಗರನ್ನು ಅಲ್ಲಿಗೆ ಕರೆದೊಯ್ದು ಮೀನು, ಹವಳ ತೋರಿಸುವುದು ನಮ್ಮ ಕೆಲಸ. ಅಂದು ಬೆಳಗ್ಗೆ ಮೂರು ಸಲ ಮುಳುಗಿದ್ದೆ. ಅವೆಲ್ಲ ಹೆಚ್ಚು ಆಳದವಲ್ಲ. ಹೊರಡುವ ಹೊತ್ತಿಗೆ ದೋಣಿಯ ಲಂಗರು ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿತು. ಬಿಡಿಸಲು ಮತ್ತೆರಡು ಸಲ ಇಳಿದೆ. ಈ ಬಾರಿ ಇಪ್ಪತ್ತು ಮೀಟರ್ ದಾಟಿದ ಆಳ. ಕೊನೆಯ ಸಲ ಸಿಲಿಂಡರಿನಲ್ಲಿ ಗಾಳಿ ಕಡಿಮೆಯಾಗಿದ್ದರಿಂದ ಬೇಗ ಬೇಗ ಮೇಲೆ ಬಂದೆ. ಮೇಲೇರುವಾಗ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಮರುದಿನ ತಂಗಿಯ ನಿಕಾಹ್. ಸಂಜೆಯೇ ಬಸ್ಸು ಹತ್ತಿದೆ. ಹೊನ್ನಾವರ, ಗೇರುಸೊಪ್ಪೆ ಘಟ್ಟ, ಸಾಗರ, ಶಿವಮೊಗ್ಗ, ಅಲ್ಲಿಂದ ನ್ಯಾಮತಿ. ಹಲವು ಸಲ ಮುಳುಗಿದವರು ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಕಾಯಬೇಕು ಎಂಬ ಸೂಚನೆ ನನಗೆ ಗೊತ್ತಿತ್ತು. 'ನಾನು ಹೋಗುವುದು ಬಸ್ಸಿನಲ್ಲಿ ತಾನೇ' ಎಂದುಕೊಂಡೆ. ಘಟ್ಟ ಹತ್ತುವುದೆಂದರೂ ಮೇಲೇರುವುದೇ ಎಂಬುದು ಹೊಳೆಯಲಿಲ್ಲ.

ಸಾಗರ ದಾಟುವಷ್ಟರಲ್ಲಿ ಎಡ ಭುಜದ ಒಳಗೆ ಹಲ್ಲುನೋವಿನಂಥ ನೋವು ಶುರುವಾಯಿತು. ಮನೆ ಸೇರುವಾಗ ಹೊಟ್ಟೆಯ ಮೇಲೆ ತುರಿಕೆ, ಕೆಂಪು-ನೀಲಿ ಕಲೆಗಳು. ಲಂಗರು ಎಳೆದ ಉಳುಕು ಇರಬೇಕೆಂದೆ. ಅಮ್ಮಿ ಎಣ್ಣೆ ಬಿಸಿ ಮಾಡಿ ತಿಕ್ಕಿದರು. ಫಜರ್ ನಮಾಜಿನಲ್ಲಿ ಸಜ್ದಾದಿಂದ ಏಳಲು ಹೋದಾಗ ಎಡಗಾಲು ನನ್ನ ಮಾತು ಕೇಳಲಿಲ್ಲ. ಮೂತ್ರವೂ ಕಟ್ಟಿಕೊಂಡಿತ್ತು.

ಬೆಳಗ್ಗೆ ತೋರಿಸಿದ ವೈದ್ಯರು ನೋವಿನ ಮಾತ್ರೆ ಕೊಟ್ಟರು. ತಪ್ಪು ಅವರದಲ್ಲ. ಹಿಂದಿನ ದಿನ ಸಮುದ್ರದಲ್ಲಿ ಮುಳುಗಿದ್ದೆ ಎಂದು ನಾನು ಹೇಳಿಯೇ ಇರಲಿಲ್ಲ. ಕೊನೆಗೆ ಹಿರಿಯ ಡೈವರ್ ಒಬ್ಬರಿಗೆ ಫೋನ್ ಮಾಡಿದೆ. ಅವರು ಎರಡೇ ಮಾತು ಹೇಳಿದರು: "ಈಗಲೇ ಆಕ್ಸಿಜನ್ ಹಾಕಿಸ್ಕೋ. ಚೇಂಬರ್ ಇರೋ ಆಸ್ಪತ್ರೆಗೆ ಹೊರಡು."

ಮೈಯೊಳಗೆ ಏನಾಗಿತ್ತು?

ಸ್ಥಿರ ತಾಪದಲ್ಲಿ, ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಆ ಅನಿಲದ ಆಂಶಿಕ ಒತ್ತಡಕ್ಕೆ ನೇರ ಅನುಪಾತದಲ್ಲಿರುತ್ತದೆ. ಇದು ಹೆನ್ರಿಯ ನಿಯಮ. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು 78 ಭಾಗ ಸಾರಜನಕ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 20 ಮೀಟರ್ ಆಳದಲ್ಲಿ ಒಟ್ಟು ಒತ್ತಡ ದಡದಲ್ಲಿರುವುದರ ಮೂರು ಪಟ್ಟು. ಅಲ್ಲಿ ಉಸಿರಾಡುತ್ತಾ ಹೋದಷ್ಟೂ ರಕ್ತ, ಕೊಬ್ಬು, ನರಗಳಲ್ಲಿ ಹೆಚ್ಚು ಸಾರಜನಕ ಕರಗುತ್ತದೆ. ಆಮ್ಲಜನಕವನ್ನು ದೇಹ ಬಳಸಿಕೊಳ್ಳುತ್ತದೆ. ಸಾರಜನಕವನ್ನು ಬಳಸುವುದಿಲ್ಲ. ಅದು ಬಂದ ದಾರಿಯಲ್ಲೇ, ಶ್ವಾಸಕೋಶದ ಮೂಲಕ, ನಿಧಾನವಾಗಿ ಹೊರಹೋಗಬೇಕು.

ಗೋಲಿ ಸೋಡಾ ನೆನೆಸಿಕೊಳ್ಳಿ. ಗೋಲಿ ಒತ್ತಿದೊಡನೆ ಒತ್ತಡ ಇಳಿದು, ಕರಗಿದ್ದ ಅನಿಲ ಗುಳ್ಳೆಗಳಾಗಿ ನುಗ್ಗುತ್ತದೆ. ಡೈವರ್ ಥಟ್ಟನೆ ಮೇಲೆ ಬಂದರೆ ಆಗುವುದೂ ಅದೇ. ಗುಳ್ಳೆ ಕೀಲಿನ ಸುತ್ತ ಹುಟ್ಟಿದರೆ ನೋವು, ಚರ್ಮದಲ್ಲಾದರೆ ಕಲೆ, ಬೆನ್ನುಹುರಿಯಲ್ಲಾದರೆ ಕಾಲಿನ ಬಲ ಹೋಗುತ್ತದೆ, ಮೂತ್ರ ಕಟ್ಟುತ್ತದೆ. ಸಮುದ್ರಮಟ್ಟಕ್ಕಿಂತ 600 ಮೀಟರ್ ಮೇಲೆ ಗಾಳಿಯ ಒತ್ತಡ ಸುಮಾರು 7 ಶೇಕಡ ಕಡಿಮೆ. ಸಾಮಾನ್ಯ ಪ್ರಯಾಣಿಕರಿಗೆ ಅದು ಗೊತ್ತಾಗುವುದೂ ಇಲ್ಲ. ಮೈತುಂಬ ಸಾರಜನಕ ಹೊತ್ತಿದ್ದ ನನಗೆ ಆ ಘಟ್ಟ ಬಾಟಲಿಯ ಗೋಲಿಯನ್ನು ಇನ್ನಷ್ಟು ಒತ್ತಿದಂತಾಯಿತು.

ತುಂಗಭದ್ರೆಯಲ್ಲಿ ಈಜುವವರು ಇದಕ್ಕೆ ಹೆದರಬೇಕಿಲ್ಲ. ಒಂದೇ ಉಸಿರು ಹಿಡಿದು, ಕಡಿಮೆ ಆಳದಲ್ಲಿ ಮುಳುಗಿ ಏಳುವವರ ಮೈಗೆ ಅಷ್ಟು ಸಾರಜನಕ ಸೇರುವುದಿಲ್ಲ. ಇನ್ನೊಂದು ಮಾತು: ಡೈವರ್‌ಗಳ ಸಿಲಿಂಡರಿನಲ್ಲಿ ಹೀಲಿಯಂ ಬೆರೆಸಿರುತ್ತಾರೆ ಎಂದು ಪಠ್ಯದಲ್ಲಿದೆ. ಅದು ಬಹಳ ಆಳಕ್ಕೆ ಇಳಿಯುವವರಿಗೆ. ನಮ್ಮಂಥವರು ತುಂಬಿಸಿಕೊಳ್ಳುವುದು ಸಾಮಾನ್ಯ ಗಾಳಿಯನ್ನೇ.

ಹಳೆಯ ಕಾಯಿಲೆ

ಈ ಕಾಯಿಲೆಯನ್ನು ಲೋಕ ಮೊದಲು ಚೆನ್ನಾಗಿ ಕಂಡದ್ದು ಡೈವರ್‌ಗಳಲ್ಲಿ ಮಾತ್ರವಲ್ಲ, ಸೇತುವೆ ಕಟ್ಟುವ ಕೂಲಿಗಳಲ್ಲೂ. ನದಿಯ ತಳದಲ್ಲಿ ಅಡಿಪಾಯ ತೋಡಲು ಒತ್ತಡದ ಗಾಳಿ ತುಂಬಿದ ದೊಡ್ಡ ಪೆಟ್ಟಿಗೆಗಳನ್ನು ಇಳಿಸುತ್ತಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ಕಾಯಿಲೆಯಿಂದ ಹಾಸಿಗೆ ಹಿಡಿದರು. ಅವರ ಪತ್ನಿ ಎಮಿಲಿ ಗಣಿತ, ಇಂಜಿನಿಯರಿಂಗ್ ಕಲಿತು, ಗಂಡನ ಸೂಚನೆಗಳನ್ನು ಕೆಲಸದ ಜಾಗಕ್ಕೆ ಮುಟ್ಟಿಸುತ್ತಾ 1883ರಲ್ಲಿ ಸೇತುವೆ ಮುಗಿಯುವವರೆಗೆ ನಿಂತರು. ನೋವಿನಿಂದ ಬಾಗಿ ನಡೆಯುವುದರಿಂದಲೇ 'ಬೆಂಡ್ಸ್' ಎಂಬ ಹೆಸರು. ಫ್ರಾನ್ಸಿನ ಪಾಲ್ ಬೇರ್ 1878ರಲ್ಲಿ ಕಾರಣ ಸಾರಜನಕದ ಗುಳ್ಳೆಗಳೆಂದು ತೋರಿಸಿದರು. ಬ್ರಿಟನ್ನಿನ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ಮಾಡಿ, ಹಂತ ಹಂತವಾಗಿ ಮೇಲೇರುವ ಕೋಷ್ಟಕಗಳನ್ನು 1908ರಲ್ಲಿ ಪ್ರಕಟಿಸಿದರು. ನಾನು ಬಿಟ್ಟ ಆ ಮೂರು ನಿಮಿಷದ ಹಿಂದೆ ಇಷ್ಟೆಲ್ಲ ಜನರ ಕಷ್ಟವಿತ್ತು.

ಚೇಂಬರಿನೊಳಗೆ

ದಾರಿಯುದ್ದಕ್ಕೂ ಮಾಸ್ಕಿನಲ್ಲಿ ಆಮ್ಲಜನಕ, ಕೈಗೆ ಡ್ರಿಪ್. ಆಸ್ಪತ್ರೆ ತಲುಪುವಾಗ ನೋವು ಶುರುವಾಗಿ 20 ಗಂಟೆ ಕಳೆದಿತ್ತು. ಮೊದಲು ಅಮ್ಮಿ ತಿಕ್ಕಿದ ಎಣ್ಣೆಯನ್ನೆಲ್ಲ ಸೋಪು ಹಾಕಿ ತೊಳೆದರು. ಆಮ್ಲಜನಕ ಹೆಚ್ಚಿರುವ ಕಡೆ ಎಣ್ಣೆ ಬೆಂಕಿಗೆ ಆಹ್ವಾನ. ಮೊಬೈಲ್, ವಾಚ್ ಹೊರಗೆ. ಮೈಮೇಲೆ ಹತ್ತಿ ಬಟ್ಟೆ ಮಾತ್ರ.

ಚೇಂಬರ್ ಎಂದರೆ ಮಲಗಿಸಿಟ್ಟ ದೊಡ್ಡ ಉಕ್ಕಿನ ಟ್ಯಾಂಕ್. ಬಾಗಿಲು ಮುಚ್ಚಿ, 18 ಮೀಟರ್ ಆಳದ ಒತ್ತಡಕ್ಕೆ, ಅಂದರೆ 2.8 ವಾಯುಮಂಡಲಕ್ಕೆ ಏರಿಸಿದರು. ಸೆಖೆ, ಸದ್ದು, ಕಿವಿಯಲ್ಲಿ ಒತ್ತಡ. ಜೊತೆಗೆ ಒಬ್ಬ ಸಿಬ್ಬಂದಿ ಕೂತಿದ್ದರು. ಇಪ್ಪತ್ತು ನಿಮಿಷ ಶುದ್ಧ ಆಮ್ಲಜನಕ, ಐದು ನಿಮಿಷ ಬರೀ ಗಾಳಿ, ಮತ್ತೆ ಆಮ್ಲಜನಕ. ಆ ಬಿಡುವು ಯಾಕೆಂದರೆ ಒತ್ತಡದಲ್ಲಿ ಆಮ್ಲಜನಕವೂ ವಿಷವಾಗಿ ಫಿಟ್ಸ್ ತರಬಹುದು. ಆಮೇಲೆ 9 ಮೀಟರಿನ ಒತ್ತಡದಲ್ಲಿ ಇನ್ನಷ್ಟು ಹೊತ್ತು. ಒಟ್ಟು 4 ಗಂಟೆ 45 ನಿಮಿಷ.

ಇದರಲ್ಲಿ ಎರಡು ನಿಯಮಗಳು ಕೆಲಸ ಮಾಡುತ್ತವೆ. ಬಾಯ್ಲ್ ನಿಯಮದಂತೆ ಒತ್ತಡ ಹೆಚ್ಚಿದಾಗ ಗುಳ್ಳೆ ಕುಗ್ಗುತ್ತದೆ. ಹೆನ್ರಿಯ ನಿಯಮದಂತೆ, ಉಸಿರಿನಲ್ಲಿ ಸಾರಜನಕವೇ ಇಲ್ಲದ್ದರಿಂದ ಮೈಯೊಳಗಿನ ಸಾರಜನಕ ಹೊರಗೆ ಹರಿಯುತ್ತದೆ. ರಕ್ತದಲ್ಲಿ ಹೆಚ್ಚು ಕರಗಿದ ಆಮ್ಲಜನಕ, ಉಸಿರುಗಟ್ಟಿದ್ದ ನರಗಳನ್ನೂ ಮುಟ್ಟುತ್ತದೆ. ಮೊದಲ ಸಲವೇ ಭುಜದ ನೋವು ಹೋಯಿತು. ಕಾಲಿಗೆ ಮತ್ತೆ ಮತ್ತೆ ಚೇಂಬರ್ ಬೇಕಾಯಿತು.

ಈಗ

ತಂಗಿಯ ನಿಕಾಹ್ ನಾನಿಲ್ಲದೆ ನಡೆಯಿತು. ಕೆಲವು ತಿಂಗಳು ಕುರ್ಚಿಯ ಮೇಲೆ ಕೂತು ನಮಾಜ್ ಮಾಡಿದೆ. ಈಗ, ಅಲ್ಹಮ್ದುಲಿಲ್ಲಾಹ್, ನಡೆಯುತ್ತೇನೆ. ಎಡ ಪಾದದಲ್ಲಿ ಮಾತ್ರ ಜೋಮು ಉಳಿದಿದೆ, ಚಪ್ಪಲಿ ಜಾರಿದರೆ ಗೊತ್ತಾಗುವುದಿಲ್ಲ. ಮತ್ತೆ ಮುಳುಗಬೇಡ ಎಂದಿದ್ದಾರೆ ವೈದ್ಯರು. ದೋಣಿಯ ಮೇಲಿನ ಕೆಲಸ ನೋಡಿಕೊಳ್ಳುತ್ತೇನೆ. ಘಟ್ಟದ ಮೇಲಿನಿಂದ ಬಂದ ಅತಿಥಿಗಳಿಗೆ 'ಇವತ್ತು ಇಲ್ಲೇ ಉಳಿಯಿರಿ, ನಾಳೆ ಹೊರಡಿ' ಎಂದು ಹೇಳುವುದು ನನ್ನ ಮುಖ್ಯ ಕೆಲಸ.

ನಿಮ್ಮಲ್ಲಿ ಡೈವಿಂಗ್ ಮಾಡುವವರು ಕಡಿಮೆ. ಆದರೆ ಕಾಯಿಲೆ ಎಲ್ಲರಿಗೂ ಬರುತ್ತದೆ. ವೈದ್ಯರ ಮುಂದೆ ಕೂತಾಗ ನೋವು ಎಲ್ಲಿ ಎನ್ನುವುದರ ಜೊತೆಗೆ, ಹಿಂದಿನ ದಿನ ಏನು ಮಾಡಿದ್ದಿರಿ ಎಂಬುದನ್ನೂ ಹೇಳಿ. ನನ್ನ ಬೆಳಗ್ಗೆಯೆಲ್ಲ ವ್ಯರ್ಥವಾದದ್ದು ಆ ಒಂದು ವಾಕ್ಯ ಹೇಳದೆ ಬಿಟ್ಟಿದ್ದರಿಂದ.