ಲಾರಿ ಕ್ಯಾಬಿನ್ನಿಗೊಂದು ಗೇಮಿಂಗ್ ಪಿಸಿ

ಕ್ಯಾರವಾನ್ ಎಂದರೆ ನಮ್ಮ ಹುಡುಗರ ಕಣ್ಣಿಗೆ ಬರುವುದು ಶೂಟಿಂಗ್ ಜಾಗದಲ್ಲಿ ನಿಂತ ಸಿನಿಮಾ ಹೀರೊನ ವ್ಯಾನು. ಒಳಗೆ ಎಸಿ, ಸೋಫಾ, ಗೋಡೆಗೆ ಟಿವಿ. ಆದರೆ ಹಾವೇರಿ ಬೈಪಾಸ್‌ನಲ್ಲಿ ಅರ್ಧ ಗಂಟೆ ನಿಂತು ರಾಷ್ಟ್ರೀಯ ಹೆದ್ದಾರಿ 48 ನೋಡಿ. ಸಾಲಾಗಿ ಹೋಗುವ ಲಾರಿಗಳೆಲ್ಲ ಒಂದು ಲೆಕ್ಕದಲ್ಲಿ ಕ್ಯಾರವಾನ್‌ಗಳೇ. ಸೀಟಿನ ಹಿಂದೆ ಮಲಗುವ ಹಲಗೆ, ಮೂಲೆಯಲ್ಲಿ ಸ್ಟವ್ವು, ನೀರಿನ ಕ್ಯಾನು, ದೇವರ ಪಟ. ತಿಂಗಳಲ್ಲಿ ಇಪ್ಪತ್ತು ದಿನ ಡ್ರೈವರ್, ಕ್ಲೀನರ್ ಇಬ್ಬರದೂ ಅದೇ ಮನೆ.

ನಮ್ಮ ದೊಡ್ಡಪ್ಪನ ಮಗ ಓಡಿಸುವುದು ಅಂಥದ್ದೇ ಲಾರಿ. ಸೀಸನ್ನಿನಲ್ಲಿ ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ವಾಶಿ ಮಾರುಕಟ್ಟೆಗೆ ಹೋದರೆ ಇಳಿಸುವ ಪಾಳಿ ಬರುವವರೆಗೆ ಒಮ್ಮೊಮ್ಮೆ ಎರಡು ರಾತ್ರಿ ಕಾಯಬೇಕು. ಡಿಪ್ಲೊಮಾ ಓದುವಾಗ ಗೇಮ್ ಆಡಿ ರೂಢಿಯಾದವನು ಅಣ್ಣ. "ಲೇ ತಮ್ಮಾ, ಮೊಬೈಲ್ ನೋಡಿ ನೋಡಿ ಕಣ್ಣು ಉರಿಯಾಕತ್ತಾವು. ಕ್ಯಾಬಿನ್ನಿನ್ಯಾಗ ಕುಂದರೋವಂಥಾ ಸಣ್ಣ ಕಂಪ್ಯೂಟರ್ ಹುಡುಕಿಕೊಡು. ಸಿನಿಮಾನೂ ನೋಡಬೇಕು, ಗೇಮೂ ಆಡಬೇಕು" ಎಂದ. ಅಲ್ಲೇ ಕೂತಿದ್ದ ದೊಡ್ಡಪ್ಪ, "ರಾತ್ರಿ ಎಲ್ಲಾ ಆಡಿ ಬ್ಯಾಟ್ರಿ ಇಳಿಸಿದ್ರ ಮುಂಜಾನಿ ಗಾಡಿ ಯಾರು ತಳ್ಳಬೇಕು?" ಎಂದರು.

ಕಂಪ್ಯೂಟರ್ ಕೊಳ್ಳುವಾಗ ನಾವೆಲ್ಲ ಪ್ರೊಸೆಸರ್, ಗ್ರಾಫಿಕ್ಸ್, ರ್‍ಯಾಮ್ ಎಂದೇ ಮಾತು ಶುರು ಮಾಡುತ್ತೇವೆ. ದೊಡ್ಡಪ್ಪನ ಒಂದು ಪ್ರಶ್ನೆಯಿಂದ ನಮ್ಮ ಹುಡುಕಾಟ ಬ್ಯಾಟರಿಯಿಂದ ಶುರುವಾಯಿತು. ಮೊದಲ ವರ್ಷ ಬಾಯಿಪಾಠ ಮಾಡಿ ಪಾಸಾದ ಬೇಸಿಕ್ ಎಲೆಕ್ಟ್ರಿಕಲ್ಸ್ ಕಡೆಗೂ ಮನೆ ಕೆಲಸಕ್ಕೆ ಬಂತು.

ಅಣ್ಣನ ಗಾಡಿಯಲ್ಲಿ 12 ವೋಲ್ಟ್‌ನ ಎರಡು ಬ್ಯಾಟರಿ ಸರಣಿಯಲ್ಲಿವೆ. ಒಟ್ಟು 24 ವೋಲ್ಟ್, 100 ಆಂಪಿಯರ್-ಅವರ್. ಗುಣಿಸಿದರೆ 2,400 ವ್ಯಾಟ್-ಅವರ್. ಕೇಳಲು ದೊಡ್ಡ ಸಂಖ್ಯೆಯೇ. ಆದರೆ ಇದು ಎಂಜಿನ್ ಸ್ಟಾರ್ಟ್ ಮಾಡುವ ಲೆಡ್-ಆಸಿಡ್ ಬ್ಯಾಟರಿ. ಕೆಲವು ಸೆಕೆಂಡು ಭಾರೀ ಕರೆಂಟ್ ಕೊಡುವುದು ಅದರ ಕೆಲಸ. ಮನೆಯ ಯುಪಿಎಸ್ ಬ್ಯಾಟರಿಯಂತೆ ದಿನಾ ಆಳಕ್ಕೆ ಇಳಿಸಿದರೆ ಬೇಗ ಸಾಯುತ್ತದೆ. ಹಾಗಾಗಿ ಐದರಲ್ಲಿ ಒಂದು ಪಾಲು, ಅಂದರೆ 480 ವ್ಯಾಟ್-ಅವರ್ ಮಾತ್ರ ಮುಟ್ಟಬಹುದು ಎಂದು ಗೆರೆ ಹಾಕಿಕೊಂಡೆವು.

ಈ ಗೆರೆ ಎಳೆದ ಮೇಲೆ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋದವು. ಗೇಮಿಂಗ್ ಲ್ಯಾಪ್‌ಟಾಪ್ ಆಡುವಾಗ 150 ವ್ಯಾಟ್ ಎಳೆದರೂ ಮೂರು ಗಂಟೆಗೆ 450. ಅದರ ಮೇಲೆ ಇನ್ವರ್ಟರ್ ಬೇಕು. 24 ವೋಲ್ಟ್ ಡಿಸಿಯನ್ನು 230 ವೋಲ್ಟ್ ಎಸಿಗೆ ಏರಿಸಿ, ಅಡಾಪ್ಟರ್‌ನಲ್ಲಿ ಮತ್ತೆ ಡಿಸಿಗೆ ಇಳಿಸುವ ಈ ಹತ್ತಿಳಿಯುವ ಆಟದಲ್ಲೇ ಸುಮಾರು ಐದನೇ ಒಂದು ಪಾಲು ಶಾಖವಾಗಿ ಹೋಗುತ್ತದೆ. ಇನ್ನೊಂದು ತುದಿಯಲ್ಲಿ ಇಂಟೆಲ್ ಎನ್100 ಚಿಪ್‌ನ ಪುಟ್ಟ ಡಬ್ಬಿ. ಪರದೆ ಸೇರಿಸಿದರೂ ಸಿನಿಮಾಕ್ಕೆ 20 ವ್ಯಾಟ್ ಸಾಕು. ಬರೀ ಸಿನಿಮಾ ನೋಡುವವರು ಕಣ್ಣುಮುಚ್ಚಿ ಇದನ್ನೇ ಕೊಳ್ಳಲಿ, ಆದರೆ ಭಾರದ ಗೇಮ್ ಇದರ ಕೈಲಾಗದು. ಕೈಯಲ್ಲಿ ಹಿಡಿದು ಆಡುವ ಆಸುಸ್ ಆರ್‌ಒಜಿ ಆ್ಯಲೈ ನನಗೆ ನಿಜಕ್ಕೂ ಇಷ್ಟವಾಗಿತ್ತು. ಗಾಡಿ ಓಡುವಾಗ ಚಾರ್ಜ್ ಮಾಡಿಕೊಂಡರೆ ರಾತ್ರಿ ಲಾರಿಯ ಬ್ಯಾಟರಿ ಮುಟ್ಟುವ ಹಂಗಿಲ್ಲ. ಆದರೆ 2023ರಲ್ಲಿ ಇಲ್ಲಿಗೆ ಬಂದಾಗಲೇ ಅದರ ಬೆಲೆ 69,990 ರೂಪಾಯಿ, ಪರದೆ ಏಳೇ ಇಂಚು. "ಕ್ಲೀನರ್ ಹುಡುಗ ಏನ್ ನನ್ನ ಹೆಗಲ ಮ್ಯಾಲಿಂದ ಇಣುಕಬೇಕೇನು?" ಎಂದ ಅಣ್ಣ.

ಕೊನೆಗೆ ಒಪ್ಪಿದ್ದು ರೈಜೆನ್ 7 6800ಎಚ್ ಚಿಪ್ ಇರುವ, ಊಟದ ಡಬ್ಬಿಯಷ್ಟು ಅಗಲದ ಮಿನಿ ಪಿಸಿ. ಚಿಪ್‌ನಲ್ಲೇ ಇರುವ ರೇಡಿಯಾನ್ 680ಎಂ ಗ್ರಾಫಿಕ್ಸ್‌ಗೆ, 2015ರಲ್ಲಿ ಪಿಸಿಗೆ ಬಂದ ಜಿಟಿಎ 5 ಕಷ್ಟವಲ್ಲ. ಈಗಿನ ವಿಡಿಯೊಗಳ ಎವಿ1 ಕೋಡೆಕ್ಕನ್ನೂ ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ. ಬಯಾಸ್‌ಗೆ ಹೋಗಿ ಚಿಪ್‌ನ ಮಿತಿಯನ್ನು 35 ವ್ಯಾಟ್‌ಗೆ ಇಳಿಸಿದೆ. ಆಟ ಸ್ವಲ್ಪ ನಿಧಾನವಾಯಿತು, ಫ್ಯಾನಿನ ಕಿರುಚಾಟ ಬಹಳ ಕಡಿಮೆಯಾಯಿತು. ಪಿಸಿ, 15.6 ಇಂಚಿನ ಪೋರ್ಟಬಲ್ ಪರದೆ, ನಷ್ಟ ಎಲ್ಲ ಹಿಡಿದು ಮೂರು ಗಂಟೆಯ ಆಟಕ್ಕೆ 200 ವ್ಯಾಟ್-ಅವರ್. ಗೆರೆಯ ಅರ್ಧದೊಳಗೇ ಬಂತು. ಹಾರ್ಡ್ ಡಿಸ್ಕ್ ಬೇಡವೆಂದು ಎಸ್‌ಎಸ್‌ಡಿ ಹಾಕಿಸಿದೆವು. ತಿರುಗುವ ತಟ್ಟೆಯ ಡಿಸ್ಕ್ ನಮ್ಮ ರಸ್ತೆಯ ಕುಲುಕಾಟಕ್ಕೆ ಎಷ್ಟು ದಿನ ತಾಳೀತು? ಘಟ್ಟದಲ್ಲಿ ನೆಟ್‌ವರ್ಕ್ ಸಿಗದು, ಸಿನಿಮಾಗಳನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗುತ್ತಾನೆ.

ಪಿಸಿಗಿಂತ ಹೆಚ್ಚು ಜಗಳವಾದದ್ದು ವೈರಿನ ಬಗ್ಗೆ. ನಮ್ಮ ಕಡೆ ಲಾರಿಗೆ ಟೇಪ್ ಕೂರಿಸುವವರು ಎಷ್ಟೋ ಸಲ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೆದುಬಿಡುತ್ತಾರೆ. ಆ ಒಂದು ಬ್ಯಾಟರಿ ದಿನಾ ಹೆಚ್ಚು ಇಳಿಯುತ್ತದೆ, ಚಾರ್ಜ್ ಮಾತ್ರ ಇಬ್ಬರಿಗೂ ಒಟ್ಟಿಗೆ. ಒಂದು ಹಸಿದು, ಇನ್ನೊಂದು ಅಜೀರ್ಣವಾಗಿ, ಎರಡೂ ಕೆಡುತ್ತವೆ. ಅಣ್ಣನ ಗಾಡಿಯ ಟೇಪ್ ಹಾಗೇ ಇತ್ತು. ಅದನ್ನು ಬಿಡಿಸಿ, ಪಿಸಿಗೆ ಎರಡೂ ಬ್ಯಾಟರಿ ಸೇರಿದ 24 ವೋಲ್ಟ್‌ನಿಂದಲೇ ಲೈನ್ ತೆಗೆದೆವು. ಎಂಜಿನ್ ಓಡುವಾಗ ಅದು 28ರವರೆಗೆ ಏರುತ್ತದೆ, ಸೆಲ್ಫ್ ಹೊಡೆದಾಗ ಬಹಳ ಕುಸಿಯುತ್ತದೆ. ಪಿಸಿಗೆ ಬೇಕಾದ್ದು ಕದಲದ 19 ವೋಲ್ಟ್. ಅದಕ್ಕೆ 9ರಿಂದ 36 ವೋಲ್ಟ್‌ವರೆಗೆ ಏನು ಕೊಟ್ಟರೂ 19 ಹೊರಡಿಸುವ ಡಿಸಿ-ಡಿಸಿ ಕನ್ವರ್ಟರ್, ಬ್ಯಾಟರಿ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್, 24.6 ವೋಲ್ಟ್‌ಗೆ ಇಳಿದೊಡನೆ ಲೈನ್ ಕಡಿಯುವ ಕಟಾಫ್. ಗೇಮ್ ಸೇವ್ ಆಗಿರಲಿ ಬಿಡಲಿ, ಕಟಾಫ್ ಕರುಣೆ ತೋರಿಸುವುದಿಲ್ಲ. ಎಲ್ಲ ಸೇರಿ ಖರ್ಚು 50 ಸಾವಿರದ ಆಸುಪಾಸು.

ಅತ್ತಿಗೆ ಮಾತ್ರ ಇನ್ನೂ ಒಪ್ಪಿರಲಿಲ್ಲ. "ಗಾಡಿ ಹೊಡಿಯೋವಾಗ ನೋಡೂದಿಲ್ಲ ಅಂತ ನಂಬೂದು ಹೆಂಗ?" ಎಂದರು. ಅಣ್ಣ ಆಣೆ ಮಾಡಲು ಹೊರಟ. ಆಣೆಗಿಂತ ರಿಲೇ ಗಟ್ಟಿ ಎಂದು ನನಗನ್ನಿಸಿತು. ಕೀ ತಿರುಗಿಸಿದೊಡನೆ ಪರದೆಯ ಕರೆಂಟ್ ಕಡಿಯುವಂತೆ ರಿಲೇ ಹಾಕಿದೆ. ಪರದೆಯನ್ನು ಸೀಟಿನ ಹಿಂದಿನ ಹಲಗೆಯ ಕಡೆ ಮುಖಮಾಡಿ ಬಿಗಿದೆ. ಪಿಸಿಗೆ ಆ ರಿಲೇ ಇಲ್ಲ, ತಟ್ಟನೆ ಆರಿದರೆ ವಿಂಡೋಸ್ ಕೆಡಬಹುದು.

ಹೊಸ ಪಿಸಿಯೊಂದಿಗೆ ವಾಶಿಯಲ್ಲಿ ಮೊದಲ ರಾತ್ರಿ ಕಳೆದ ಮೇಲೆ, ಬೆಳಿಗ್ಗೆ ಅಣ್ಣ ಮೀಟರಿನ ಫೋಟೊ ಕಳಿಸಿದ: 25 ವೋಲ್ಟ್. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ನೋಡಿ, "ಚಾಲೂ ಆತೇನು ಕೇಳು" ಎಂದರು. ಆಗಿತ್ತು.

ಈಗ ಉಳಿದ ತಲೆನೋವು ದೂಳು. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರುವಾಸಿ, 2011ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಅದರ ದೂಳು ಮಾತ್ರ ಮೂಗನ್ನೂ ಬಿಡದು, ಫ್ಯಾನನ್ನೂ ಬಿಡದು. ಚೀಲ ಹೇರುವಾಗ ಪಿಸಿಗೆ ಬಟ್ಟೆ ಮುಚ್ಚಿ ಎಂದಿದ್ದೇನೆ, ಗಾಳಿ ಎಳೆಯುವ ಕಡೆ ಸಣ್ಣ ಜಾಲರಿ ಅಂಟಿಸಿದ್ದೇನೆ. ಸೋಮವಾರ ಗಾಡಿ ಊರಿಗೆ ಬರುತ್ತದೆ, ಬಿಚ್ಚಿ ನೋಡಬೇಕು.